ದೈವದ ಮುಂದೆ ನಡೆದ ಸವಾಲು: ಸುಮ್ಮನೆ ನಿಂತಿದ್ದ ನನ್ನ ಪಾಲು ಎಷ್ಟು?

ಹೊಲದ ಬದು (ಪ್ರಶ್ನೆ ಕೇಳಿದವರು)

ನಮ್ಮದು ಉತ್ತರ ಕರ್ನಾಟಕದ ಒಂದು ಹಳ್ಳಿ. ಊರಿನ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ; ಬರೆದರೆ ನಾಳೆ ಚಹಾದಂಗಡಿಯ ಕಟ್ಟೆಯ ಮೇಲೆ ನನಗೆ ಕೂರಲು ಜಾಗ ಸಿಗಲಾರದು. ಗ್ರಾಮ ಪಂಚಾಯಿತಿ ಚುನಾವಣೆಯ ಸುದ್ದಿ ಎದ್ದ ಕೂಡಲೇ ಹನುಮಪ್ಪನ ಗುಡಿಯಲ್ಲಿ ದೈವ ಕೂಡಿತು. (ಬೇರೆ ಸೀಮೆಯವರ ತಿಳಿವಳಿಕೆಗಾಗಿ ಹೇಳುತ್ತೇನೆ: ನಮ್ಮ ಕಡೆ ಊರಿನ ಹಿರಿಯರೆಲ್ಲ ಸೇರಿ ಕೂರುವ ಸಭೆಗೇ ದೈವವೆಂದು ಹೆಸರು.) ಕಳೆದ ಬಾರಿಯ ಚುನಾವಣೆಯ ಜಿದ್ದಿನಿಂದ ಎರಡು ಮನೆತನಗಳವರು ಇಂದಿಗೂ ಒಂದು ಪಂಕ್ತಿಯಲ್ಲಿ ಕೂತು ಉಣ್ಣುತ್ತಿಲ್ಲ, ಈ ಸಲ ಅಂಥದ್ದು ಬೇಡ ಎಂದು ಮಾತು ಆರಂಭವಾಯಿತು. ಆಮೇಲೆ ನಮ್ಮ ವಾರ್ಡಿನ ಸ್ಥಾನಗಳನ್ನು ಸವಾಲಿಗೆ, ಅಂದರೆ ಹರಾಜಿಗೆ, ಇಡುವುದು, ಹೆಚ್ಚು ಕೂಗಿದವರ ಎದುರಿಗೆ ಬೇರೆ ಯಾರೂ ನಾಮಪತ್ರ ಹಾಕದಿರುವುದು, ಬಂದ ಹಣದಿಂದ ಅರ್ಧಕ್ಕೆ ನಿಂತಿರುವ ಗುಡಿಯ ಶಿಖರವನ್ನು ಮುಗಿಸುವುದು ಎಂದು ತೀರ್ಮಾನವಾಯಿತು.

ಒಂದು ಸ್ಥಾನ ಆರು ಲಕ್ಷಕ್ಕೆ ನಿಂತಿತು. ಮೀಸಲಾತಿ ಯಾವ ವರ್ಗಕ್ಕೆ ಬಂದರೂ ಸವಾಲು ಹಿಡಿದವರೇ ಆ ವರ್ಗದ ಒಬ್ಬರನ್ನು ಹುಡುಕಿ ನಿಲ್ಲಿಸತಕ್ಕದ್ದೆಂದೂ ಠರಾವಾಯಿತು. ಕೊನೆಯಲ್ಲಿ ಹಿರಿಯರೊಬ್ಬರು "ಯಾರದಾದರೂ ತಕರಾರು ಇದೆಯೇನು?" ಎಂದು ಮೂರು ಸಲ ಕೇಳಿದರು. ಯಾರೂ ಮಾತಾಡಲಿಲ್ಲ. ಒಪ್ಪಿಗೆಯಿದ್ದವರು ಕೈ ಎತ್ತಿರೆಂದಾಗ ನನ್ನ ತಂದೆಯವರೂ ಎತ್ತಿದರು. ನಾನು ಕಂಬಕ್ಕೆ ಒರಗಿ ನಿಂತಿದ್ದೆ; ಕೈ ಎತ್ತಲಿಲ್ಲ, ಬಾಯಿಯನ್ನೂ ತೆರೆಯಲಿಲ್ಲ.

ಅಂದಿನಿಂದ ಒಂದು ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿದೆ. ಊರಿಗೆ ಊರೇ ಕೂಡಿ, ಯಾರ ಒತ್ತಾಯವೂ ಇಲ್ಲದೆ, ದೇವರ ಕೆಲಸಕ್ಕಾಗಿ ಒಂದು ತೀರ್ಮಾನಕ್ಕೆ ಬಂದರೆ ಅದನ್ನೂ ಪ್ರಜಾಪ್ರಭುತ್ವವೆಂದು ಏಕೆ ಕರೆಯಬಾರದು? ಹಾಗೆ ಕರೆಯಲಾಗದು ಎಂದಾದರೆ, ಅಲ್ಲಿ ಸುಮ್ಮನೆ ನಿಂತಿದ್ದ ನನ್ನಂಥವನ ಹೊಣೆ ಎಷ್ಟರದು? ಮತಗಟ್ಟೆಯೇ ತೆರೆಯದಿದ್ದರೆ ನಾನು ಯಾರಿಗೂ ಮತ ಹಾಕಿದವನಲ್ಲ. ಆದರೂ ಆ ಸದಸ್ಯರನ್ನು ಆರಿಸಿದವರಲ್ಲಿ ನಾನೂ ಒಬ್ಬ ಎನ್ನಿಸುತ್ತಿದೆ. ಅನುಭವವಿರುವವರು ದಯವಿಟ್ಟು ತಿಳಿಸಿಕೊಡಬೇಕು.

ಹಳೇ ದಫ್ತರ

ನಾನು ಗ್ರಾಮ ಪಂಚಾಯಿತಿ ಕಾರ್ಯದರ್ಶಿಯಾಗಿ ಹಲವು ವರ್ಷ ಕೆಲಸ ಮಾಡಿ ನಿವೃತ್ತನಾದವನು. ಕಾನೂನಿನ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ, ಏಕೆಂದರೆ ಅದರಲ್ಲಿ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರವಿದೆ.

ಚುನಾವಣಾ ಲಂಚವೆಂದರೆ ಮತಕ್ಕೆ ಕೊಡುವ ಐನೂರರ ನೋಟು ಎಂದು ಬಹಳ ಮಂದಿ ತಿಳಿದಿದ್ದಾರೆ. ಹಿಂದಿನ ಭಾರತೀಯ ದಂಡ ಸಂಹಿತೆಯ 171ಬಿ ಕಲಮಿನಲ್ಲಿಯೂ, 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 170ನೇ ಕಲಮಿನಲ್ಲಿಯೂ ಅದರ ವ್ಯಾಪ್ತಿ ಇದಕ್ಕಿಂತ ದೊಡ್ಡದು. ಚುನಾವಣಾ ಹಕ್ಕು ಎಂಬ ಮಾತಿನೊಳಗೆ ಮತ ಹಾಕುವ ಹಕ್ಕಿನ ಜೊತೆಗೆ ಅಭ್ಯರ್ಥಿಯಾಗಿ ನಿಲ್ಲುವ, ನಿಲ್ಲದಿರುವ ಮತ್ತು ನಾಮಪತ್ರವನ್ನು ಹಿಂತೆಗೆದುಕೊಳ್ಳುವ ಹಕ್ಕುಗಳೂ ಸೇರಿವೆ. ಆ ಹಕ್ಕನ್ನು ಒಬ್ಬರು ಹೀಗೆಯೇ ಚಲಾಯಿಸಲಿ ಎಂದು ಅವರಿಗಾಗಲಿ ಮತ್ತೊಬ್ಬರಿಗಾಗಲಿ ಹಣ ಕೊಡುವುದು ಲಂಚವಾಗುತ್ತದೆ. ಹಣ ನಿಮ್ಮ ಜೇಬಿಗೆ ಬರಲಿಲ್ಲ, ಗುಡಿಯ ಹುಂಡಿಗೆ ಹೋಯಿತು ಎಂಬ ಸಮಾಧಾನಕ್ಕೆ ಇಲ್ಲಿ ಜಾಗವಿಲ್ಲ. ಇದಕ್ಕೆ ಒಂದು ವರ್ಷದವರೆಗೆ ಸಜೆ, ಇಲ್ಲವೇ ದಂಡ, ಇಲ್ಲವೇ ಎರಡೂ ಆಗಬಹುದು. ಅಧಿಸೂಚನೆ ಹೊರಡುವ ಮೊದಲೇ ಸವಾಲು ಮುಗಿಯಿತಲ್ಲ ಎಂದು ಕೆಲವರು ವಾದಿಸುತ್ತಾರೆ. ಆದರೆ ಆ ಒಪ್ಪಂದ ನಿಜವಾಗಿ ಜಾರಿಗೆ ಬರುವುದು ನಾಮಪತ್ರ ಸಲ್ಲಿಸುವ ಮತ್ತು ಹಿಂತೆಗೆಯುವ ದಿನಗಳಂದೇ ಎಂಬುದನ್ನು ಅವರು ಮರೆಯುತ್ತಾರೆ.

ಇದು ನಿಮ್ಮೊಂದೇ ಊರಿನ ಕಥೆಯಲ್ಲ. 2020ರ ಡಿಸೆಂಬರಿನಲ್ಲಿ ಎರಡು ಹಂತಗಳಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ನಡೆದಾಗ ಬಳ್ಳಾರಿ, ಕಲಬುರಗಿ ಜಿಲ್ಲೆಗಳ ಹಳ್ಳಿಗಳಿಂದ ಇಂಥವೇ ಹರಾಜಿನ ಸುದ್ದಿಗಳು ಬಂದಿದ್ದವು, ರಾಜ್ಯ ಚುನಾವಣಾ ಆಯೋಗ ಕ್ರಮದ ಎಚ್ಚರಿಕೆ ಕೊಡಬೇಕಾಗಿ ಬಂದಿತ್ತು. ಅದೇ ಹೊತ್ತಿನಲ್ಲಿ ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯ ಉಮ್ರಾಣೆ ಮತ್ತು ನಂದುರಬಾರ್ ಜಿಲ್ಲೆಯ ಖೊಂಡಾಮಳಿ ಗ್ರಾಮಗಳಲ್ಲಿ ಸ್ಥಾನಗಳು ಹರಾಜಾದವೆಂದು ಅಲ್ಲಿನ ಆಯೋಗ ಆ ಊರುಗಳ ಚುನಾವಣೆಯನ್ನೇ ರದ್ದುಮಾಡಿತು. ಹಾಗಾದಾಗ ಹಿಡಿದ ಸವಾಲೂ ವ್ಯರ್ಥವಾಯಿತು, ಊರಿನ ಚುನಾವಣೆಯೂ ಹೋಯಿತು.

ಇನ್ನು ಲೆಕ್ಕಕ್ಕೆ ಬನ್ನಿ. ದಫ್ತರದವನಿಗೆ ಲೆಕ್ಕವಿಲ್ಲದೆ ಸಮಾಧಾನವಿರುವುದಿಲ್ಲ. ಸದಸ್ಯರ ಗೌರವಧನವನ್ನು ತಿಂಗಳಿಗೆ ಎರಡು ಸಾವಿರ ರೂಪಾಯಿಯೆಂದೇ ಹಿಡಿಯಿರಿ. ಐದು ವರ್ಷಕ್ಕೆ ಒಂದು ಲಕ್ಷ ಇಪ್ಪತ್ತು ಸಾವಿರವಾಯಿತು. ಆರು ಲಕ್ಷ ಕೊಟ್ಟವರಿಗೆ ಇನ್ನು ನಾಲ್ಕು ಲಕ್ಷ ಎಂಬತ್ತು ಸಾವಿರ ಎಲ್ಲಿಂದ ಬರಬೇಕು? ಚರಂಡಿ ಕಾಮಗಾರಿಯ ಬಿಲ್ಲಿನಿಂದ, ಬೀದಿದೀಪದ ಖರೀದಿಯಿಂದ, ವಸತಿ ಯೋಜನೆಯ ಫಲಾನುಭವಿಗಳ ಪಟ್ಟಿಯಿಂದ ಬರಬೇಕು. ಶಿಖರಕ್ಕೆ ಹಣ ಕೊಟ್ಟವರು ಸವಾಲು ಹಿಡಿದವರೆಂದು ಊರು ನಂಬಿದೆ. ಐದು ವರ್ಷ ಕಂತಿನ ಮೇಲೆ ಅದನ್ನು ತೀರಿಸುವವಳು ಮನೆಗಾಗಿ ಅರ್ಜಿ ಹಿಡಿದುಕೊಂಡು ಪಂಚಾಯಿತಿಗೆ ಅಲೆಯುವ ವಿಧವೆ. ನನ್ನ ಸೇವಾವಧಿಯಲ್ಲಿ ಅಂಥ ಸದಸ್ಯರೊಬ್ಬರು ಕ್ರಿಯಾಯೋಜನೆಯ ಸಭೆಯಲ್ಲಿ "ನಾನೇನು ಪುಕ್ಕಟೆ ಬಂದವನೇ?" ಎಂದು ಎಲ್ಲರೆದುರು ಕೇಳಿದ್ದನ್ನು ಕಿವಿಯಾರೆ ಕೇಳಿದ್ದೇನೆ. ಉತ್ತರ ಕೊಡುವವರು ಯಾರೂ ಇರಲಿಲ್ಲ, ಏಕೆಂದರೆ ಪುಕ್ಕಟೆ ಬಾರದಂತೆ ಮಾಡಿದವರು ಊರವರೇ ಆಗಿದ್ದರು.

ನಿಮ್ಮ ಎರಡನೆಯ ಪ್ರಶ್ನೆಯ ಬಗ್ಗೆ ಬೇರೆಯವರು ಬರೆಯಲಿ. ಒಂದು ಮಾತು ಮಾತ್ರ ಹೇಳುತ್ತೇನೆ: "ತಕರಾರು ಇದೆಯೇ?" ಎಂದು ಕೇಳುವ ಪದ್ಧತಿಯನ್ನು ಮಾಡಿರುವುದೇ ಯಾರೂ ಉತ್ತರ ಹೇಳಲಾರರೆಂಬ ಧೈರ್ಯದ ಮೇಲೆ.

ಕಟ್ಟೆಯ ಮಾತು

ದಫ್ತರದವರ ಲೆಕ್ಕವನ್ನು ಒಪ್ಪುತ್ತೇನೆ. ಸವಾಲನ್ನು ನಾನೂ ಸಮರ್ಥಿಸುವವನಲ್ಲ. ಆದರೆ ಸವಾಲನ್ನೂ ಅವಿರೋಧ ಆಯ್ಕೆಯನ್ನೂ ಒಂದೇ ಗೂಟಕ್ಕೆ ಕಟ್ಟಬಾರದು. ಊರೊಳಗೆ ಇದ್ದು ಬಾಳುವವರ ಕಷ್ಟ ಪುಸ್ತಕ ಓದಿದವರಿಗೆ ಸುಲಭವಾಗಿ ಕಾಣುವುದಿಲ್ಲ.

ನಮ್ಮ ರಾಜ್ಯದಲ್ಲಿ ಸುಮಾರು ನಾಲ್ಕು ನೂರು ಜನಸಂಖ್ಯೆಗೆ ಒಬ್ಬ ಸದಸ್ಯ. ಅದರಲ್ಲಿ ಮತದಾರರು ಇನ್ನೂ ಕಡಿಮೆ. ಇಷ್ಟು ಸಣ್ಣ ಕ್ಷೇತ್ರದಲ್ಲಿ ಗುಪ್ತ ಮತದಾನವೆಂಬುದು ಹೆಸರಿಗಷ್ಟೇ ಗುಪ್ತ. ಎಣಿಕೆ ಮುಗಿದ ಸಂಜೆ ಯಾವ ಓಣಿಯಿಂದ ಎಷ್ಟು ಮತ ಬಂತು, ಯಾವ ಮನೆಯವರು ಕೈಕೊಟ್ಟರು ಎಂಬುದನ್ನು ಬೆರಳು ಮಡಿಚಿ ಲೆಕ್ಕ ಹಾಕುವವರು ಪ್ರತಿ ಊರಿನಲ್ಲೂ ಇದ್ದಾರೆ. ವಿಧಾನಸಭಾ ಚುನಾವಣೆಯಲ್ಲಿ ಸೋತವರು ಬೆಂಗಳೂರಿಗೆ ಹೋಗಿಬಿಡುತ್ತಾರೆ, ಪಂಚಾಯಿತಿಯಲ್ಲಿ ಸೋತವರು ನಾಳೆ ಬೆಳಿಗ್ಗೆ ನಿಮ್ಮ ಹೊಲದ ಕಾಲುದಾರಿಗೆ ಮುಳ್ಳು ಹಾಕುತ್ತಾರೆ. ಅಣ್ಣತಮ್ಮಂದಿರು ಎದುರುಬದುರು ನಿಂತು, ಇಬ್ಬರೂ ಸಾಲ ಮಾಡಿ ಹೆಂಡ ಹಂಚಿ, ಗೆದ್ದವನೂ ಸೋತವನೂ ಬಡ್ಡಿ ಕಟ್ಟುವುದನ್ನು ಕಣ್ಣಾರೆ ಕಂಡವನು ನಾನು. ಹಾಗಿರುವಾಗ ಹತ್ತು ಜನ ಹಿರಿಯರು ಕೂತು, ಕೆಲಸ ಬಲ್ಲ ಒಬ್ಬರ ಹೆಸರು ಹೇಳಿ, ಉಳಿದವರು ಒಪ್ಪಿ ಹಿಂದೆ ಸರಿದರೆ ಅದರಲ್ಲಿ ಯಾವ ಪಾಪವಿದೆ? ಗುಜರಾತಿನಲ್ಲಿ ಹೀಗೆ ಅವಿರೋಧವಾಗಿ ರಚನೆಯಾದ ಪಂಚಾಯಿತಿಗಳಿಗೆ ಸಮರಸ ಎಂಬ ಹೆಸರಿನಲ್ಲಿ ಸರ್ಕಾರವೇ ಪ್ರೋತ್ಸಾಹಧನ ಕೊಡುತ್ತಾ ಬಂದಿದೆ.

ಇನ್ನೊಂದು ಮಾತು. ಹಳ್ಳಿಯವರಿಗೆ ಪ್ರಜಾಪ್ರಭುತ್ವದ ಪಾಠ ಹೇಳುವ ಮೊದಲು ಮೇಲಿನವರತ್ತ ಸ್ವಲ್ಪ ನೋಡೋಣ. ಸಂವಿಧಾನದ 243ಇ ವಿಧಿ ಪಂಚಾಯಿತಿಗಳ ಅವಧಿ ಐದು ವರ್ಷವೆಂದೂ, ಅದು ಮುಗಿಯುವ ಮೊದಲೇ ಚುನಾವಣೆ ನಡೆಸಬೇಕೆಂದೂ ಸ್ಪಷ್ಟವಾಗಿ ಹೇಳುತ್ತದೆ. ನಮ್ಮ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ಅವನ್ನು ನಡೆಸಿದರು. ಸರ್ಕಾರ ಯಾವ ಪಕ್ಷದ್ದಾಗಿದ್ದರೂ ಚುನಾವಣೆ ಮುಂದೆ ಹೋಯಿತು. ಸರ್ಕಾರಗಳೇ ಚುನಾವಣೆಯನ್ನು ಇಷ್ಟು ಹಗುರವಾಗಿ ಕಂಡಿರುವಾಗ ಗುಡಿಯಲ್ಲಿ ಕೂತ ಹತ್ತು ಮಂದಿ ಅದನ್ನು ಪವಿತ್ರವೆಂದು ತಿಳಿಯಬೇಕೆಂದರೆ ಹೇಗೆ?

ಆದ್ದರಿಂದ ಪ್ರಶ್ನೆ ಕೇಳಿದ ತಮ್ಮನಿಗೆ ನನ್ನ ಸಲಹೆ ಇಷ್ಟು: ಹಣದ ಮಾತನ್ನು ಬಿಡಿಸಿ, ಒಮ್ಮತದ ಮಾತನ್ನು ಉಳಿಸಿಕೊಳ್ಳಿ. ಊರು ಒಡೆಯದಂತೆ ನೋಡಿಕೊಳ್ಳುವುದೂ ಒಂದು ಹೊಣೆಯೇ.

ಮಾಜಿ ಸದಸ್ಯೆ

ಕಟ್ಟೆಯ ಮಾತಿನವರು ಹೇಳಿದ ಜಿದ್ದು, ಸಾಲ, ಹೆಂಡ ಎಲ್ಲವೂ ನಿಜ. ಆದರೆ "ಊರು ಒಪ್ಪಿತು" ಎಂದು ಬರೆಯುವಾಗ ಊರು ಎಂದರೆ ಯಾರು ಎಂದು ಅವರೂ ಕೇಳಿಕೊಳ್ಳಲಿಲ್ಲ, ಪ್ರಶ್ನೆ ಕೇಳಿದವರೂ ಹೇಳಲಿಲ್ಲ. ಅಂದು ಆ ಗುಡಿಯಲ್ಲಿ ಹೆಂಗಸರು ಎಷ್ಟು ಮಂದಿ ಇದ್ದರು? ಕೇರಿಯವರು ಎಲ್ಲಿ ಕೂತಿದ್ದರು, ಒಳಗೋ, ಕಟ್ಟೆಯ ಕೆಳಗೋ, ಅಥವಾ ಬಂದೇ ಇರಲಿಲ್ಲವೋ? ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲು. ದೈವದಲ್ಲಿ ನಮಗೆ ಅರ್ಧ ಚಾಪೆಯೂ ಸಿಕ್ಕಿಲ್ಲ.

ನಾನು ಪರಿಶಿಷ್ಟ ಜಾತಿಯ ಮಹಿಳೆಗೆ ಮೀಸಲಾಗಿದ್ದ ಸ್ಥಾನದಿಂದ ಅವಿರೋಧವಾಗಿ ಆಯ್ಕೆಯಾದವಳು. ನಮ್ಮ ಊರಿನಲ್ಲಿ ಸವಾಲು ಎಂಬ ಶಬ್ದ ಬಳಸಲಿಲ್ಲ, ಕಾಣಿಕೆ ಎಂದರು. ಕಾಣಿಕೆ ಕೊಟ್ಟವರು ನನ್ನ ಗಂಡ ದುಡಿಯುತ್ತಿದ್ದ ಹೊಲದ ಧಣಿ. ನಾನು ಸದಸ್ಯೆಯಾಗುತ್ತೇನೆಂಬುದು ನನಗೆ ತಿಳಿದದ್ದು ನಾಮಪತ್ರಕ್ಕೆ ಸಹಿ ಹಾಕುವ ಬೆಳಿಗ್ಗೆ. ಮೊದಲ ಎರಡು ವರ್ಷ ನಡಾವಳಿ ಪುಸ್ತಕ ಧಣಿಯ ಮನೆಗೆ ಬರುತ್ತಿತ್ತು, ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಸಹಿ ಮಾಡುತ್ತಿದ್ದೆ. ಒಂದು ದಿನ ನಮ್ಮ ಕೇರಿಯ ನೀರಿನ ಕೊಳವೆಗೆಂದು ಬರೆದಿದ್ದ ಕಾಮಗಾರಿ ಧಣಿಯ ತೋಟದ ದಾರಿಗೆ ತಿರುಗಿದ್ದನ್ನು ನಾನೇ ಓದಿದೆ, ನನ್ನ ಸಹಿಯ ಮೇಲಿನ ಸಾಲಿನಲ್ಲೇ. ಅಂದು ಸಹಿ ಮಾಡದೆ ಪುಸ್ತಕ ಹಿಂದಿರುಗಿಸಿದೆ. ಅದರ ಮರುದಿನದಿಂದ ನನ್ನ ಗಂಡನಿಗೆ ಆ ಹೊಲದಲ್ಲಿ ಕೆಲಸವಿಲ್ಲ. ಈ ಮಾತನ್ನು ಶೌರ್ಯವೆಂದು ಹೇಳಿಕೊಳ್ಳುತ್ತಿಲ್ಲ. ನಿಮ್ಮ ಊರಿನ ಠರಾವಿನಲ್ಲಿ "ಆ ವರ್ಗದ ಒಬ್ಬರನ್ನು ಹುಡುಕಿ ನಿಲ್ಲಿಸತಕ್ಕದ್ದು" ಎಂಬ ಒಂದು ಸಾಲು ಇದೆಯಲ್ಲ, ಆ ಒಬ್ಬರು ಹೇಗೆ ಬದುಕುತ್ತಾರೆಂದು ತಿಳಿಯಲಿ ಎಂದು ಬರೆದೆ.

1948ರ ನವೆಂಬರ್ 4ರಂದು ಬಾಬಾಸಾಹೇಬ್ ಅಂಬೇಡ್ಕರರು ಸಂವಿಧಾನ ಸಭೆಯ ಮುಂದೆ ಕರಡನ್ನು ಮಂಡಿಸುತ್ತಾ, ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ಘಟಕವಾಗಿ ಹಿಡಿದಿರುವುದು ತಮಗೆ ಸಂತೋಷ ತಂದಿದೆ ಎಂದರು. ಹಳ್ಳಿಯನ್ನು ಅವರು ಅಜ್ಞಾನದ, ಸಂಕುಚಿತತೆಯ ಬೀಡೆಂದು ಕರೆದದ್ದು ಅನೇಕ ಸದಸ್ಯರನ್ನು ನೋಯಿಸಿತು. ಅದೇ ತಿಂಗಳಲ್ಲಿ ಗ್ರಾಮ ಪಂಚಾಯಿತಿಗಳ ಬಗೆಗಿನ ವಿಧಿಯೊಂದು, ಇಂದಿನ 40ನೇ ವಿಧಿ, ನಿರ್ದೇಶಕ ತತ್ವಗಳೊಳಗೆ ಸೇರಿತು. ಪಂಚಾಯಿತಿ ಬೇಕು ಎಂದವರ ಪರವಾಗಿ ನಾನೂ ಇದ್ದೇನೆ. ಪಂಚಾಯಿತಿ ಇಲ್ಲದಿದ್ದರೆ ನನಗೆ ಸಹಿ ಮಾಡದಿರುವ ಅವಕಾಶವೂ ಇರುತ್ತಿರಲಿಲ್ಲ. ಆದರೆ ಆ ಪಂಚಾಯಿತಿಯನ್ನು ಆರಿಸಬೇಕಾದವರು ಒಬ್ಬೊಬ್ಬರಾಗಿ ಪರದೆಯ ಹಿಂದೆ ಹೋಗುವ ಮನುಷ್ಯರು, ದೈವವಲ್ಲ. ಕೂಲಿಯವಳಿಗೂ ಧಣಿಗೂ ಒಂದೇ ಬೆಲೆ ಇರುವ ಸ್ಥಳ ನಮ್ಮ ಊರಿನಲ್ಲಿ ಅದೊಂದೇ ಇತ್ತು. ಅದರ ಬಾಗಿಲನ್ನು ಊರಿನ ಶಾಂತಿಗಾಗಿ ಮುಚ್ಚಿದೆವು ಎನ್ನುತ್ತೀರಿ. ಯಾರ ಶಾಂತಿ?

ಗುಪ್ತ ಮತ ಪೂರ್ತಿ ಗುಪ್ತವಲ್ಲ ಎಂಬುದು ಸರಿಯೇ. ಆದರೆ ಓಣಿಯ ಲೆಕ್ಕ ಹಾಕಬಹುದೇ ಹೊರತು ನನ್ನ ಬೆರಳು ಯಾವ ಗುರುತಿನ ಮೇಲೆ ಮುದ್ರೆ ಒತ್ತಿತೆಂದು ಯಾರೂ ಆಣೆ ಮಾಡಿ ಹೇಳಲಾರರು. ಕೈ ಎತ್ತಿಸುವ ಸಭೆಯಲ್ಲಿ ಆ ಅನುಮಾನದ ನೆರಳೂ ನಮಗೆ ಉಳಿಯುವುದಿಲ್ಲ.

ಹಳೇ ದಫ್ತರ

ತಾಯಿ, ನಿಮ್ಮ ಬರಹ ಓದಿದ ಮೇಲೆ ನಾನು ಲೆಕ್ಕದಲ್ಲಿ ಒಂದು ಕಲಮು ಬಿಟ್ಟಿದ್ದೆನೆಂದು ಗೊತ್ತಾಯಿತು. ಪುಸ್ತಕವನ್ನು ಮನೆಗೆ ಕಳಿಸಿ ಸಹಿ ತರಿಸುವ ಕೆಲಸದಲ್ಲಿ ನನ್ನ ದಫ್ತರದವರೂ ಇದ್ದರು, ನಾನೂ ಒಮ್ಮೊಮ್ಮೆ ಇದ್ದೆ. ಒಪ್ಪಿಕೊಳ್ಳದೆ ಮುಂದಿನ ಮಾತು ಆಡುವುದು ಸರಿಯಾಗದು.

ಕಟ್ಟೆಯ ಮಾತಿನವರು ಒಮ್ಮತ ಮತ್ತು ಸವಾಲನ್ನು ಬೇರೆ ಮಾಡಿದ್ದು ನ್ಯಾಯವೇ. ಯಾರಾದರೂ ಎದುರಿಗೆ ನಾಮಪತ್ರ ಹಾಕಿದರೆ ಅವರ ಮನೆಗೆ ನೀರು, ಬೆಂಕಿ ನಿಲ್ಲುವುದಿಲ್ಲ ಎಂಬ ಭರವಸೆ ಇದ್ದರೆ ಅದನ್ನು ಒಮ್ಮತ ಎನ್ನೋಣ. ಹಾಕಿದವರಿಗೆ ಬಹಿಷ್ಕಾರವೆಂದಾದರೆ ಅದಕ್ಕೆ ಬೇರೆ ಹೆಸರಿದೆ.

ಹಳಬನಾಗಿ ಒಂದು ಸಂಗತಿ ನೆನಪಿಸುತ್ತೇನೆ. ಅಧಿಕಾರ ಹಳ್ಳಿಗೆ ತಾನಾಗಿ ಹರಿದು ಬಂದದ್ದಲ್ಲ. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರು 1983ರ ಪಂಚಾಯಿತಿ ಕಾಯ್ದೆಯನ್ನು ತಂದು, 1987ರಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ಮಹಿಳೆಯರಿಗೆ ನಾಲ್ಕರಲ್ಲೊಂದು ಪಾಲು ಸ್ಥಾನ ಮೀಸಲಾಗಿತ್ತು, ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆಯಿತ್ತು. ಬರಗಾಲದಲ್ಲಿ ಕೊಳವೆಬಾವಿ ತೋಡಿಸಿದ್ದಕ್ಕೆ ಜನ ಅವರನ್ನು ನೀರ್ ಸಾಬ್ ಎಂದು ಕರೆದರು. ಪಂಚಾಯಿತಿಗಳ ಬಗ್ಗೆ ದೇಶಕ್ಕೆಲ್ಲ ಅನ್ವಯವಾಗುವ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದದ್ದು ಆಮೇಲೆ, 1993ರ ಏಪ್ರಿಲ್ 24ರಂದು. ಶಾಸಕರ ಕೈಯಿಂದ, ಅಧಿಕಾರಿಗಳ ಕೈಯಿಂದ ಕಿತ್ತು ತಂದ ಅಧಿಕಾರವನ್ನು ನಾವು ಗುಡಿಯ ಕಟ್ಟೆಯ ಮೇಲೆ ಸವಾಲಿಗೆ ಇಟ್ಟರೆ, ನಾಳೆ ಮೇಲಿನವರು ಚುನಾವಣೆಯನ್ನು ಮುಂದೂಡಿದಾಗ ಯಾವ ಬಾಯಿಂದ ಕೇಳೋಣ? ಮೇಲಿನವರ ತಪ್ಪು ನಮಗೆ ನೆಪವಾಗುವ ಬದಲು ಎಚ್ಚರಿಕೆಯಾಗಬೇಕಿತ್ತು.

ಹೊಲದ ಬದು ಅವರೇ, ನಿಮ್ಮ ಪಾಲು ಎಷ್ಟೆಂದು ಕೇಳಿದಿರಿ. ಅಂದಿನ ಮೌನದ ಪಾಲನ್ನು ಅಳೆದು ಕೂರುವುದಕ್ಕಿಂತ ನಾಮಪತ್ರದ ದಿನದವರೆಗೆ ಏನು ಉಳಿದಿದೆ ನೋಡಿ. ಇಪ್ಪತ್ತೊಂದು ತುಂಬಿದ, ಮತದಾರರ ಪಟ್ಟಿಯಲ್ಲಿ ಹೆಸರಿರುವವರು ನಿಲ್ಲಬಹುದು, ಠೇವಣಿ ಕೆಲವು ನೂರು ರೂಪಾಯಿ ಮಾತ್ರ. ಒಬ್ಬರು ಎದುರಿಗೆ ನಾಮಪತ್ರ ಹಾಕಿ ಹಿಂತೆಗೆಯದೆ ಉಳಿದರೆ ಮತಗಟ್ಟೆ ತೆರೆಯಲೇಬೇಕು. ಆರು ಲಕ್ಷದ ಸವಾಲು ಆ ಒಂದು ಕಾಗದದ ಮುಂದೆ ನಿಲ್ಲಲಾರದು. ತಹಶೀಲ್ದಾರರಿಗೆ ಲಿಖಿತ ದೂರು ಕೊಡುವ ದಾರಿಯೂ ಇದೆ, ಆದರೆ ಊರಿನೊಳಗೇ ಇರಬೇಕಾದವರು ಅದನ್ನು ಒಬ್ಬರೇ ಮಾಡಬೇಡಿ. ಚುನಾವಣೆ ಹೇಗೇ ಮುಗಿದರೂ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಬೇಕು. ಮತದಾರರಲ್ಲಿ ಹತ್ತರಲ್ಲೊಂದು ಪಾಲು ಅಥವಾ ನೂರು ಮಂದಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಜನ ಸೇರಿದರೆ ಕೋರಂ. ನಾನು ಕಂಡ ಎಷ್ಟೋ ಗ್ರಾಮಸಭೆಗಳಲ್ಲಿ ಆ ನೂರು ಸಹಿ ಮನೆಮನೆಗೆ ಹೋಗಿ ಸೇರಿಸಿದ್ದು. ಮತ ಹಾಕಿ ಬಂದವರೂ ಅಲ್ಲಿ ಬಂದು ಕೂರುವುದಿಲ್ಲ.

ಕಟ್ಟೆಯ ಮಾತು

ಮಾಜಿ ಸದಸ್ಯೆಯವರ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ನಮ್ಮ ಊರಿನ ಕಟ್ಟೆಯ ಮೇಲೂ ಹೆಂಗಸರು ಕೂತದ್ದನ್ನು ನಾನು ಕಂಡಿಲ್ಲ. ಜಿದ್ದಿನ ಭಯ ಮಾತ್ರ ನನಗೆ ಈಗಲೂ ಹೋಗಿಲ್ಲ.

ಹೊಲದ ಬದು (ಪ್ರಶ್ನೆ ಕೇಳಿದವರು)

ಎಲ್ಲರಿಗೂ ಕೃತಜ್ಞತೆಗಳು. ಅಂದು ಗುಡಿಯಲ್ಲಿ ಹೆಂಗಸರು ಇರಲಿಲ್ಲ. ಕೇರಿಯಿಂದ ಮೂವರು ಬಂದು ಕಟ್ಟೆಯ ಕೆಳಗೆ ನಿಂತಿದ್ದರು. ಇದನ್ನು ಪ್ರಶ್ನೆಯಲ್ಲಿ ಬರೆಯಲಿಲ್ಲವೇಕೆಂದು ಯೋಚಿಸಿದೆ. ಮರೆತು ಬಿಟ್ಟದ್ದಲ್ಲ, ಹೇಳಬೇಕಾದ ಸಂಗತಿಯೆಂದು ಹೊಳೆದೇ ಇರಲಿಲ್ಲ.

ನಿನ್ನೆ ರಾತ್ರಿ ಊಟಕ್ಕೆ ಕೂತಾಗ ದಫ್ತರದವರ ಲೆಕ್ಕವನ್ನು ತಂದೆಯವರಿಗೆ ಒಂದೊಂದಾಗಿ ಹೇಳಿದೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ನಾನು ಕೈ ಎತ್ತಿದ್ದು ಶಿಖರಕ್ಕಪ್ಪ, ಅವನಿಗಲ್ಲ" ಎಂದರು. ಅವ್ವ ಒಲೆಯ ಮುಂದಿನಿಂದಲೇ "ನಿಮ್ಮನ್ನಾದರೂ ಕೇಳಿದರು" ಎಂದಳು.

ಮಾಜಿ ಸದಸ್ಯೆಯವರ ಅನುಭವವನ್ನು ನಮ್ಮ ಓಣಿಯ ಸ್ವಸಹಾಯ ಸಂಘದವರಿಗೆ ಓದಿ ಹೇಳಬೇಕೆಂದು ಅವ್ವ ಕೇಳುತ್ತಿದ್ದಾಳೆ. ಸಂಘ ಕೂಡುವುದು ಗುರುವಾರ. ಈ ಪುಟದ ಮುದ್ರಿತ ಪ್ರತಿಯೊಂದನ್ನು ತೆಗೆಸಿಕೊಳ್ಳಲು ಮಾಜಿ ಸದಸ್ಯೆಯವರ ಅಪ್ಪಣೆ ಬೇಡುತ್ತೇನೆ.

ಮಾಜಿ ಸದಸ್ಯೆ

ತೆಗೆಸಿಕೊಳ್ಳಿ. ಓದುವಾಗ ಕಾಣಿಕೆ ಎಂಬ ಶಬ್ದವನ್ನು ಬಿಡಬೇಡಿ, ಅವರಿಗೆ ಅದು ತಿಳಿಯುತ್ತದೆ.